ಅಲ್ಯುಮಿನಿಯಂ ಲೋಹದ ಪೊರೆಯೂ ಲೇಪವೂ

ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿಗೆ ಸೇರಿದ ಹಳೇಕೋಟೆಯ ಸುತ್ತಿನ ಗ್ರಾಮವೊಂದರಲ್ಲಿ ಚಿಕ್ಕ ವಾಚನಾಲಯವಿದೆ. ಅದರ ಹೆಸರುಹಲಗೆಗೆ ಒಕ್ಕಣೆಯನ್ನು ಸಿದ್ಧಪಡಿಸುವ ಕೆಲಸವು ಕೆಲವು ವರ್ಷಗಳ ಹಿಂದೆ ಪ್ರಸ್ತುತ ಲೇಖಕನ ಪಾಲಿಗೆ ಬಂದಿತು. ಮರದ ಹಲಗೆಗೆ ಗೆದ್ದಲಿನ ಭಯ, ಕಬ್ಬಿಣದ ತಗಡಿಗೆ ತುಕ್ಕಿನ ಭಯ. ಆದಕಾರಣ ಬಣ್ಣ ಹೀರಿಸಿದ ಅಲ್ಯುಮಿನಿಯಂ ತಗಡಿನಲ್ಲಿ ಅದನ್ನು ಮಾಡಿಸುವುದೆಂದು ತೀರ್ಮಾನವಾಯಿತು. ಕುಂಕುಮವರ್ಣದ ನೆಲ, ಬೆಳ್ಳಿಯಂತೆ ಹೊಳೆಯುವ ಅಕ್ಷರ. ತಯಾರಕರಿಗೆ ಕಾಗದವನ್ನು ಬರೆದವನೂ ನಾನೇ. ಅದರಲ್ಲಿ “ಬಣ್ಣವಾದ ಮೇಲೆ ಚೆನ್ನಾಗಿ ಸೀಲ್ ಮಾಡಿ ಕೋಟಿಂಗ್ ಕೊಡತಕ್ಕದ್ದು” ಎಂಬ ಒಂದು ವಾಕ್ಯವಿತ್ತು. ಅದನ್ನು ಬರೆಯುವಾಗ ನನಗೆ ವಿಷಯವು ಪೂರ್ಣವಾಗಿ ತಿಳಿದಿದೆಯೆಂಬ ಭಾವನೆಯೇ ಇದ್ದಿತು.

ಹಲಗೆಯನ್ನು ತೆಂಕುಗೋಡೆಗೆ ಹೊಡೆದು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಮೇಲಿನ ಹೊಳಪು ಹಳದಿಗಟ್ಟಿ, ಮೊಳೆಯ ತೂತುಗಳ ಸುತ್ತಲೂ ಅಂಚುಗಳಲ್ಲಿಯೂ ಹಾವು ಬಿಟ್ಟ ಪೊರೆಯಂತೆ ಸುಲಿದು ಎದ್ದಿತು. ಕುಂಕುಮದ ಕೆಂಪು ಒಗೆದೊಗೆದು ಸವೆದ ಸೀರೆಯ ಸೆರಗಿನಂತಾಯಿತು. ತಯಾರಕರನ್ನು ಕೇಳಿದಾಗ ಬಂದ ಉತ್ತರವಿಷ್ಟೆ: “ಮೇಲೆ ಬಳಿದ ವಾರ್ನಿಷೇ ಸೀಲು; ಅದೇ ಕೋಟಿಂಗು. ತಾವು ಕೇಳಿದ ಎರಡೂ ಆಗಿದೆ.” ಮೊದಲು ಕೋಪ ಬಂದುದು ನಿಜ. ಆದರೆ ಆ ಬಳಿಕ ಈ ವಿಷಯವನ್ನು ಓದಿ, ಬಲ್ಲವರನ್ನು ವಿಚಾರಿಸಿ ತಿಳಿದುಕೊಂಡ ಮೇಲೆ, ತಪ್ಪಿನಲ್ಲಿ ಅರ್ಧ ಭಾಗವು ನನ್ನ ವಾಕ್ಯದ್ದೆಂದು ಒಪ್ಪಬೇಕಾಯಿತು. ಆ ವಾಕ್ಯವನ್ನು ಅಕ್ಷರಶಃ ನಡೆಸಿದ್ದರೂ ಹಲಗೆಯು ಕೆಡುತ್ತಿತ್ತು. ಅದು ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ಭಾಷಾಭ್ಯಾಸಿಗಳಾದ ವಾಚಕರಿಗೆ ಲೋಹದ ಮಾತು ಅಪ್ರಕೃತವೆಂದು ತೋರದಿರಲಿ; ಕೆಟ್ಟುದು ಲೋಹಕ್ಕಿಂತ ಮೊದಲು ಶಬ್ದ.

ಲೋಹಗಳು ಕೆಡುವ ಬಗೆಗೆ ನಮ್ಮ ಭಾಷೆಯಲ್ಲಿ ಒಳ್ಳೆಯ ಮಾತುಗಳಿವೆ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು. ಇವೆರಡನ್ನೂ ಬೇರೆ ಬೇರೆಯಾಗಿ ಹೆಸರಿಸಿದ ನಮ್ಮ ಹಿರಿಯರ ದೃಷ್ಟಿ ಸೂಕ್ಷ್ಮವಾದುದು. ತುಕ್ಕು ಕಬ್ಬಿಣವನ್ನು ತಿನ್ನುತ್ತ ಉದುರುತ್ತ ಒಳಕ್ಕೆ ಹೋಗುವುದು. ಕಿಲುಬು ಮೇಲೆ ನಿಂತು ಅಡುಗೆಯನ್ನು ಕೆಡಿಸುವುದು. ಕಿಲುಬಿಗೆ ಪ್ರತಿಯಾಗಿ ಕಲಾಯಿ ಬಂದಿತು, ಎಂದರೆ ತವರದ ತೆಳುವಾದ ಹೊದಿಕೆ. ಅಲ್ಯುಮಿನಿಯಂ ನಮ್ಮ ನಾಡಿನ ಅಡುಗೆಮನೆಗೆ ಬಂದುದು ಈಚೆಗೆ. ಆಲ್ಫ್ರೆಡ್ ಚಾಟರ್ಟನ್ ಎಂಬವರು 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಅಲ್ಯುಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದರು. ಇವರೇ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಾಧಿಕಾರಿಗಳಾದರು. ಈ ಹೊಸ ಪಾತ್ರೆಗೆ ಕಲಾಯಿ ಬೇಡ, ತುಕ್ಕಿಲ್ಲ, ಹಸುರು ಕಿಲುಬಿಲ್ಲ. ಅದಕ್ಕೆ ಏನೂ ಹಿಡಿಯದೆಂದು ಜನರು ನಂಬಿದರು. ಆದುದರಿಂದಲೇ ಅದಕ್ಕೆ ಹಿಡಿಯುವುದಕ್ಕೆ ಹೆಸರನ್ನೇ ಇಡಲಿಲ್ಲವೆಂದು ಕಾಣುತ್ತದೆ.

ವಾಸ್ತವವು ಇದಕ್ಕೆ ವಿರುದ್ಧ. ಅಲ್ಯುಮಿನಿಯಂ ಗಾಳಿಗೆ ಸೋಕಿದ ಕ್ಷಣದಲ್ಲಿಯೇ ಅದಕ್ಕೆ ಆಮ್ಲಜನಕವು ಹಿಡಿಯುವುದು. ಆದರೆ ಹೀಗೆ ಹುಟ್ಟಿದ ಆಕ್ಸೈಡು ಉದುರದೆ, ಬಿರಿಯದೆ, ಲೋಹದ ಮೈಗೆ ಬಿಗಿಯಾಗಿ ಕಚ್ಚಿಕೊಂಡು ಮುಂದಿನ ಆಕ್ರಮಣವನ್ನು ತಡೆಯುವುದು. ಇದರ ದಪ್ಪವು ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವೇ ಭಾಗ. ಕಣ್ಣಿಗೆ ಕಾಣದು, ಗೀರಿದರೆ ಮತ್ತೆ ತಾನೇ ಕೂಡುವುದು. ಇದನ್ನು ‘ಪೊರೆ’ ಎಂದು ಕರೆಯೋಣ. ನಾಮಪದವಾದಾಗ ಪದರವೆಂದೂ ಧಾತುವಾದಾಗ ಕಾಪಾಡು, ಸಲಹು ಎಂದೂ ಅರ್ಥವಿರುವ ಈ ಅಚ್ಚಗನ್ನಡದ ಮಾತಿಗಿಂತ ಇಲ್ಲಿಗೆ ಒಪ್ಪುವ ಇನ್ನೊಂದು ಮಾತನ್ನು ನಾನು ಕಾಣೆನು.

ಈ ಸಹಜವಾದ ಪೊರೆಯ ಶಕ್ತಿಯು ಅಲ್ಪವಾದುದೇನೂ ಅಲ್ಲ. ಲಂಡನ್ನಿನ ಪಿಕಡಿಲಿ ವೃತ್ತದಲ್ಲಿ 1893ರಲ್ಲಿ ನಿಲ್ಲಿಸಿದ ರೆಕ್ಕೆಯುಳ್ಳ ಬಾಣಧಾರಿಯ ಪ್ರತಿಮೆಯು ಅಲ್ಯುಮಿನಿಯಂ ಎರಕದ್ದು. ಕಲ್ಲಿದ್ದಲ ಹೊಗೆಯನ್ನು ದಶಕಗಳ ಕಾಲ ಸಹಿಸಿಯೂ ಅದು ಉಳಿದಿದೆ. ಹಾಗಾದರೆ ಮೇಲೆ ಇನ್ನೊಂದು ರಕ್ಷೆ ಏತಕ್ಕೆ? ಉಳಿಯುವುದು ಬೇರೆ, ಚೆಲುವಾಗಿ ಉಳಿಯುವುದು ಬೇರೆ. ಬಯಲಿನಲ್ಲಿಟ್ಟ ಬರಿಯ ಅಲ್ಯುಮಿನಿಯಂ ಕಾಲಕ್ರಮದಲ್ಲಿ ಬೂದಿಯ ಬಣ್ಣಕ್ಕೆ ತಿರುಗಿ, ಧೂಳು ಕುಳಿತು ಒದ್ದೆ ನಿಂತೆಡೆಗಳಲ್ಲಿ ಸೂಜಿಮೊನೆಯಂತಹ ಗುಳಿಗಳು ಬಿದ್ದು, ಬಿಳಿಯ ಹಿಟ್ಟನ್ನು ಕಾರುವುದು. ಕಿಟಕಿಯ ಚೌಕಟ್ಟಿಗೂ ಅಕ್ಷರದ ಹಲಗೆಗೂ ಅದು ಸಲ್ಲದು.

ಆದುದರಿಂದ ಸಹಜವಾದ ಪೊರೆಯನ್ನೇ ವಿದ್ಯುಚ್ಛಕ್ತಿಯಿಂದ ಸಾವಿರಾರು ಪಾಲು ದಪ್ಪವಾಗಿ ಬೆಳೆಯಿಸುವ ವಿಧಾನವು ಹುಟ್ಟಿತು. ಇಂಗ್ಲೆಂಡಿನ ಬೆಂಗೋ ಮತ್ತು ಸ್ಟುವರ್ಟ್ ಎಂಬವರು 1923ರಲ್ಲಿ, ಸಮುದ್ರದ ಮೇಲೆ ಇಳಿಯುವ ವಿಮಾನಗಳ ಭಾಗಗಳನ್ನು ಉಪ್ಪುನೀರಿನಿಂದ ರಕ್ಷಿಸುವುದಕ್ಕಾಗಿ ಕ್ರೋಮಿಕಾಮ್ಲದಲ್ಲಿ ಇದನ್ನು ಸಾಧಿಸಿದರು. 1927ರಲ್ಲಿ ಗೋವರ್ ಮತ್ತು ಓಬ್ರಿಯೆನ್ ಎಂಬವರು ಗಂಧಕಾಮ್ಲವನ್ನು ಬಳಸುವ ಕ್ರಮಕ್ಕೆ ಹಕ್ಕುಪತ್ರವನ್ನು ಪಡೆದರು. ಇಂದು ಹೆಚ್ಚಾಗಿ ರೂಢಿಯಲ್ಲಿರುವುದು ಇದೇ. ಲೋಹದ ವಸ್ತುವನ್ನು ಶುಚಿಮಾಡಿ, ನೂರಕ್ಕೆ 15ರಿಂದ 20 ಪಾಲು ಗಂಧಕಾಮ್ಲವುಳ್ಳ ನೀರಿನಲ್ಲಿ, ಸುಮಾರು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮುಳುಗಿಸಿ, ವಿದ್ಯುತ್ಪ್ರವಾಹದ ಧನಧ್ರುವಕ್ಕೆ ಅದನ್ನು ಜೋಡಿಸುವರು. ಧನಧ್ರುವವೇ ‘ಆನೋಡ್’, ಹೀಗೆ ವಸ್ತುವನ್ನು ಆನೋಡಾಗಿ ಮಾಡುವುದರಿಂದ ಈ ಕ್ರಮಕ್ಕೆ ಆನೋಡೀಕರಣವೆಂದು ಹೆಸರು. ಒಂದು ಚದರ ಡೆಸಿಮೀಟರಿಗೆ ಒಂದೂವರೆ ಆಂಪಿಯರ್ ಪ್ರವಾಹವನ್ನು ಹಾಯಿಸಿದರೆ 55 ನಿಮಿಷಗಳಲ್ಲಿ ಸುಮಾರು 25 ಮೈಕ್ರಾನ್ ದಪ್ಪದ ಪೊರೆ ಬೆಳೆಯುವುದು. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಸಾಮಾನ್ಯವಾದ ಬರವಣಿಗೆಯ ಕಾಗದವು ಸುಮಾರು 100 ಮೈಕ್ರಾನ್ ದಪ್ಪವಿರುವುದರಿಂದ ಈ ಪೊರೆಯು ಅದರ ಕಾಲುಭಾಗ.

ಗಿಲೀಟಿಗೂ ಇದಕ್ಕೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ಗಿಲೀಟಿನಲ್ಲಿ ವಸ್ತುವು ಋಣಧ್ರುವವಾಗಿದ್ದು, ಚಿನ್ನವೋ ಬೆಳ್ಳಿಯೋ ಹೊರಗಿನಿಂದ ಬಂದು ಅದರ ಮೇಲೆ ಕೂರುವುದು. ಆನೋಡೀಕರಣದಲ್ಲಿ ಹೊರಗಿನಿಂದ ಬೇರೊಂದು ಲೋಹವು ಬರುವುದಿಲ್ಲ. ವಸ್ತುವಿನ ಸ್ವಂತ ಮೈಯೇ ಆಕ್ಸೈಡಾಗಿ ಮಾರ್ಪಡುವುದು. ಪೊರೆಯ ದಪ್ಪದಲ್ಲಿ ಸುಮಾರು ಮೂರರಲ್ಲೆರಡು ಪಾಲು ಮೊದಲಿನ ಮೇಲ್ಮೈಯಿಂದ ಒಳಕ್ಕೂ ಒಂದು ಪಾಲು ಹೊರಕ್ಕೂ ಇರುವುದು. ಆದಕಾರಣ ಇದು ಬಣ್ಣದಂತೆ ಸುಲಿಯುವುದಿಲ್ಲ. ನಮ್ಮ ಹಲಗೆಯಲ್ಲಿ ಸುಲಿದುದು ಪೊರೆಯಲ್ಲ, ಅದರ ಮೇಲಿನ ವಾರ್ನಿಷು.

ಈ ಪೊರೆಗೆ ಒಂದು ವಿಚಿತ್ರವಾದ ರಚನೆಯಿದೆ. ಅದು ಬೆಳೆಯುತ್ತಿರುವಾಗಲೇ ಆಮ್ಲವು ಅದನ್ನು ಅಲ್ಲಲ್ಲಿ ಕರಗಿಸುತ್ತಿರುವುದರಿಂದ, ಜೇನುಹುಟ್ಟಿನ ಕಣ್ಣುಗಳಂತೆ ಒತ್ತೊತ್ತಾಗಿ ನಿಂತ ರಂಧ್ರಗಳು ಮೇಲಿನಿಂದ ಬುಡದವರೆಗೂ ಇಳಿದಿರುವುವು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಕೆಲ್ಲರ್, ಹಂಟರ್, ರಾಬಿನ್ಸನ್ ಎಂಬ ಮೂವರು 1953ರಲ್ಲಿ ಈ ಷಟ್ಕೋನದ ಗೂಡುಗಳನ್ನು ವರ್ಣಿಸಿದರು. ರಂಧ್ರವೊಂದರ ಅಗಲವು ಮಿಲಿಮೀಟರಿನ ಲಕ್ಷದಲ್ಲಿ ಒಂದೆರಡು ಭಾಗ. ಒಂದು ಚದರ ಸೆಂಟಿಮೀಟರಿನಲ್ಲಿ ಅವುಗಳ ಸಂಖ್ಯೆ ಸಾವಿರಾರು ಕೋಟಿ. ಬಣ್ಣದ ನೀರಿನಲ್ಲಿ ಅದ್ದಿದರೆ ಈ ರಂಧ್ರಗಳೇ ಅದನ್ನು ಹೀರುವುವು. ಬಣ್ಣವನ್ನು ಹೀರಿದ ಬಾಯಿಯೇ ಮಳೆಯ ನೀರನ್ನೂ ಹೊಗೆಯನ್ನೂ ಕೈಬೆವರನ್ನೂ ಹೀರುವುದೆಂಬುದು ಹೇಳದೆಯೇ ವಿದಿತ. ಆದುದರಿಂದ ರಂಧ್ರಗಳ ಬಾಯನ್ನು ಮುಚ್ಚಬೇಕು. ಇದಕ್ಕೆ ಇಂಗ್ಲಿಷಿನಲ್ಲಿ ‘ಸೀಲಿಂಗ್’ ಎನ್ನುವರು.

ಗೊಂದಲವು ಹುಟ್ಟುವುದು ಇಲ್ಲಿಯೇ. ‘ಸೀಲ್’ ಎಂದೊಡನೆ ನಮಗೆ ನೆನಪಾಗುವುದು ಅರಗಿನ ಮುದ್ರೆ: ಹೊರಗಿನಿಂದ ತಂದ ಅರಗನ್ನು ಕರಗಿಸಿ ಸುರಿದು ಒತ್ತುವುದು. ಈ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ವಾರ್ನಿಷು ಬಳಿಯುವುದೇ ಸೀಲೆಂದು ತೋರಿದರೆ ಆಶ್ಚರ್ಯವೇನು? ಸಂಸ್ಕೃತದಲ್ಲಿ ‘ಮುದ್ರಿತ’ ಎಂಬುದಕ್ಕೆ ಮುಚ್ಚಿದ, ಮುಗಿದ ಎಂಬ ಅರ್ಥವೂ ಉಂಟು; ಮುದ್ರಿತ ನಯನವೆಂದರೆ ಮುಚ್ಚಿದ ಕಣ್ಣು. ಆದರೆ ಇಂದಿನ ಕನ್ನಡದಲ್ಲಿ ಮುದ್ರಣವು ಅಚ್ಚುಕೂಟಕ್ಕೇ ಮೀಸಲಾಗಿಬಿಟ್ಟಿದೆ. ಲೋಹದ ವಿಷಯದಲ್ಲಿ ನಡೆಯುವುದು ಅರಗನ್ನು ಒತ್ತುವ ಕೆಲಸವಲ್ಲ. ಓಲೆಯನ್ನು ಬಹುಕಾಲ ತೊಡದಿದ್ದರೆ ‘ಕಿವಿಯ ತೂತು ಕೂಡಿಕೊಂಡಿತು’ ಎನ್ನುವೆವಲ್ಲವೆ? ಅಲ್ಲಿ ಯಾರೂ ಏನನ್ನೂ ತುಂಬಲಿಲ್ಲ. ಸುತ್ತಲಿನ ಮಾಂಸವೇ ಬೆಳೆದು ಕೂಡಿತು. ಇಲ್ಲಿ ನಡೆಯುವುದೂ ಅಂಥದೇ.

ಬೆಳೆದ ಪೊರೆಯನ್ನು ಕುದಿಯುವ ಶುದ್ಧಜಲದಲ್ಲಿ ಮುಳುಗಿಸಿದರೆ, ರಂಧ್ರದ ಗೋಡೆಯ ಆಕ್ಸೈಡು ನೀರನ್ನು ತನ್ನೊಳಗೆ ಸೇರಿಸಿಕೊಂಡು ಬೋಮೈಟ್ ಎಂಬ ಜಲಸಂಯುಕ್ತವಾಗುವುದು. ಹೀಗಾಗುವಾಗ ಅದು ಉಬ್ಬುವುದು. ಉಬ್ಬಿದ ಗೋಡೆಗಳು ಒಂದನ್ನೊಂದು ಒತ್ತಿ ರಂಧ್ರವು ಬಿಗಿದುಕೊಳ್ಳುವುದು. ಒಳಗಿದ್ದ ಬಣ್ಣವು ಸೆರೆಯಾಗುವುದು. ಜಪಾನಿನ ಸೆತೊ ಮತ್ತು ಮಿಯಾತಾ ಎಂಬವರು 1930ರ ಸುಮಾರಿಗೆ ಒತ್ತಡದ ನೀರಾವಿಯಿಂದ ಇದೇ ಫಲವನ್ನು ಪಡೆದಿದ್ದರು. ಬೋಮೈಟು ಬಾಕ್ಸೈಟ್ ಅದುರಿನಲ್ಲಿ ದೊರೆಯುವ ಖನಿಜಗಳಲ್ಲಿ ಒಂದೆಂಬುದು ವಿಚಾರಾರ್ಹವಾದುದು. ನಮ್ಮ ಬೆಳಗಾವಿಯ ಕಾರ್ಖಾನೆಯಲ್ಲಿ ಬಾಕ್ಸೈಟಿನಿಂದ ಅಲ್ಯುಮಿನಾವನ್ನು ತೆಗೆಯುವರು. ಅಲ್ಯುಮಿನಾದಿಂದ ವಿದ್ಯುಚ್ಛಕ್ತಿಯ ಬಲದಿಂದ ಲೋಹವನ್ನು ಬಿಡಿಸುವರು. ಇಷ್ಟು ಪ್ರಯಾಸದಿಂದ ಬಿಡಿಸಿದ ಲೋಹವನ್ನು ಕಾಪಾಡಲು, ಅದರ ತೊಗಲಿನಷ್ಟನ್ನು ಮಾತ್ರ ಅದುರಿನ ಸ್ಥಿತಿಗೆ ಹಿಂದಿರುಗಿಸಬೇಕಾಯಿತು!

ಈ ಕಾರಣದಿಂದ ‘ಸೀಲ್ ಮಾಡು’ ಎಂಬುದಕ್ಕೆ ‘ರಂಧ್ರ ಮಾಯಿಸು’ ಎನ್ನಬಹುದೆಂದು ನನ್ನ ಸೂಚನೆ. ಗಾಯವು ಮಾಯುವುದೆಂದರೆ ಒಳಗಿನಿಂದ ಕೂಡಿಕೊಳ್ಳುವುದು. ‘ಮಾಯವಾಗು’ ಎಂಬುದರೊಡನೆ ಕೆಲವರು ಇದನ್ನು ಬೆರಸಿಯಾರು. ಆದರೂ ಅರಗಿನ ಮುದ್ರೆಯ ಭ್ರಮೆಗಿಂತ ಇದು ಮೇಲು. ಇನ್ನು ‘ಕೋಟಿಂಗ್’ ಎಂಬುದಕ್ಕೆ ‘ಲೇಪ’ವು ಸಿದ್ಧವಾಗಿಯೇ ಇದೆ, ಹೊರಗಿನಿಂದ ಬಳಿದದ್ದೆಲ್ಲವೂ ಲೇಪ. (ಹಳೇಕೋಟೆಯವರಿಗೆ ಕೋಟೆಂಬುದು ಹೊಸ ಮಾತಲ್ಲವೆಂದು ಅಲ್ಲಿಯ ಮಿತ್ರರೊಬ್ಬರು ಹಾಸ್ಯಮಾಡಿದ್ದುಂಟು.)

ಮಾಯಿಸುವ ಕೆಲಸವು ಕೇಳುವುದಕ್ಕೆ ಸುಲಭ, ಮಾಡುವುದಕ್ಕೆ ಅಷ್ಟು ಸುಲಭವಲ್ಲ. ನೀರು 96 ಡಿಗ್ರಿಗಿಂತ ಕೆಳಗಿಳಿಯಬಾರದು. ನಮ್ಮ ಹಾಸನದ ಸೀಮೆಯಾದರೋ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಯಲ್ಲಿ. ಆದುದರಿಂದ ಸೌದೆಯನ್ನೋ ವಿದ್ಯುತ್ತನ್ನೋ ಉಳಿಸಲೆಂದು ಕಾವನ್ನು ಸ್ವಲ್ಪ ತಗ್ಗಿಸಿದರೂ ಕೆಲಸವು ಕುಂಟುವುದು. 80ಕ್ಕಿಂತ ಕೆಳಗಾದರೆ ಬೋಮೈಟಿನ ಬದಲು ಬೇರೊಂದು ಜಲಸಂಯುಕ್ತವು ಹುಟ್ಟಿ, ರಂಧ್ರವು ತಕ್ಕಂತೆ ಬಿಗಿಯದು. ಪೊರೆಯ ಒಂದೊಂದು ಮೈಕ್ರಾನಿಗೆ ಸುಮಾರು 3 ನಿಮಿಷದಂತೆ, 25 ಮೈಕ್ರಾನಿಗೆ 75 ನಿಮಿಷ ಕುದಿಸಬೇಕು. ಪೊರೆಯನ್ನು ಬೆಳೆಸುವುದಕ್ಕಿಂತ ಮಾಯಿಸುವುದಕ್ಕೆ ಹೆಚ್ಚು ಹೊತ್ತು ಬೇಕೆಂದಾಯಿತು. ಅವಸರದ ಕಾರ್ಖಾನೆಯವರು ಮೊದಲು ಕಡಿತಗೊಳಿಸುವುದು ಇದನ್ನೇ. ಏಕೆಂದರೆ ಮಾಯಿಸಿದ ಹಲಗೆಗೂ ಮಾಯಿಸದ ಹಲಗೆಗೂ ಅಂಗಡಿಯಲ್ಲಿ ಕಣ್ಣಿಗೆ ಕಾಣುವ ಭೇದವಿಲ್ಲ.

ನೀರಿನ ಗುಣವೂ ಮುಖ್ಯ. ಲೀಟರಿಗೆ ಹತ್ತು ಮಿಲಿಗ್ರಾಮಿನಷ್ಟು ಸಿಲಿಕ ಇದ್ದರೂ, ಅದರ ಅರ್ಧದಷ್ಟು ಫಾಸ್ಫೇಟಿದ್ದರೂ ಈ ಉಬ್ಬುವಿಕೆಗೆ ಅಡ್ಡಿಯಾಗುವುದು. ನಮ್ಮ ಪ್ರಾಂತದ ಕೊಳವೆಬಾವಿಗಳು ನೈಸ್ ಮೊದಲಾದ ಅತಿ ಪ್ರಾಚೀನ ಶಿಲೆಗಳನ್ನು ಕೊರೆದು ಇಳಿದಿರುವುವು. ಅಂತಹ ಶಿಲೆಗಳ ನೀರಿನಲ್ಲಿ ಸಿಲಿಕವು ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು. ಕುಡಿಯುವುದಕ್ಕೆ ಆ ನೀರು ಸಲ್ಲಬಹುದು, ಈ ಕೆಲಸಕ್ಕೆ ಸಲ್ಲದು. ಲವಣಗಳನ್ನು ಪೂರ್ತಿಯಾಗಿ ತೆಗೆದ ನೀರೇ ಬೇಕು. ಕುದಿಸುವ ವೆಚ್ಚವನ್ನು ತಪ್ಪಿಸಲು ನಿಕ್ಕೆಲ್ ಫ್ಲೋರೈಡಿನ ದ್ರಾವಣದಲ್ಲಿ 25–30 ಡಿಗ್ರಿಯಲ್ಲಿಯೇ ರಂಧ್ರವನ್ನು ಮುಚ್ಚುವ ಕ್ರಮವೂ ಉಂಟು. ಅಲ್ಲಿ ಹೊರಗಿನ ವಸ್ತುವು ಬಂದು ರಂಧ್ರದೊಳಗೆ ಕೂರುವುದರಿಂದ ಅದನ್ನು ‘ಪೂರಣ’ವೆಂದರೆ ತಪ್ಪಿಲ್ಲ.

ಈಗ ಲೇಪದ ಪ್ರಶ್ನೆಗೆ ಬರೋಣ. ಮಾಯಿಸಿದ ಮೇಲೆ ಲೇಪವನ್ನು ಕೊಟ್ಟರೆ ರಕ್ಷೆಯು ಇಮ್ಮಡಿಯಾಗುವುದೆಂದು ತೋರುವುದು ಸಹಜ; ನಾನೂ ಹಾಗೆಯೇ ಎಣಿಸಿದ್ದೆನು. ನಿಜವು ಅದಲ್ಲ. ಲೇಪವು ನಿಲ್ಲುವುದಕ್ಕೆ ಕಾಲೂರಲು ಎಡೆ ಬೇಕು, ಆ ಎಡೆಯೇ ಈ ರಂಧ್ರಗಳು. ತೆರೆದ ರಂಧ್ರಗಳೊಳಕ್ಕೆ ಬಣ್ಣವೋ ವಾರ್ನಿಷೋ ಬೇರಿಳಿಸಿ ಹಿಡಿಯುವುದು. ಅವುಗಳನ್ನು ಮಾಯಿಸಿಬಿಟ್ಟರೆ ಮೇಲ್ಮೈಯು ನುಣುಪಾಗಿ, ಕೆಲವೊಮ್ಮೆ ಸಡಿಲವಾದ ಹಿಟ್ಟಿನಂತಹ ತೆಳುಪದರದಿಂದ ಕೂಡಿ, ಲೇಪಕ್ಕೆ ಹಿಡಿತವಿಲ್ಲದಾಗುವುದು. ಹಾಗಾಗಿ ಮಾರ್ಗಗಳೆರಡು, ಅವು ಕೂಡುವುವಲ್ಲ. ಒಂದು: ದಪ್ಪವಾದ ಪೊರೆ, ಪೂರ್ಣವಾಗಿ ಮಾಯಿಸಿದ ರಂಧ್ರ, ಮೇಲೆ ಏನೂ ಇಲ್ಲ. ಇನ್ನೊಂದು: ತೆಳುವಾದ ಪೊರೆ, ಸುಮಾರು 3ರಿಂದ 8 ಮೈಕ್ರಾನು, ರಂಧ್ರಗಳನ್ನು ಮಾಯಿಸದೆ, ಕೊನೆಯ ತೊಳೆಯುವ ನೀರನ್ನೂ 60 ಡಿಗ್ರಿಗೆ ಏರಗೊಡದೆ, ಕೈಯ ಜಿಡ್ಡು ಸೋಕುವ ಮೊದಲೇ ಲೇಪವನ್ನು ಕೊಟ್ಟು ಒಲೆಯಲ್ಲಿ ಬೇಯಿಸುವುದು. ಕಿಟಕಿಗಳ ಮೇಲೆ ಇಂದು ಕಾಣುವ ಪುಡಿಬಣ್ಣದ ಲೇಪವನ್ನು ಉತ್ತಮ ಕೆಲಸಗಾರರು ಹೀಗೆಯೇ ಮಾಡುವುದುಂಟು. ಜಪಾನಿನಲ್ಲಿ ವಿದ್ಯುತ್ತಿನ ನೆರವಿನಿಂದ ಅಕ್ರಿಲಿಕ್ ಲೇಪವನ್ನು ಪೊರೆಯ ಮೇಲೆ ಕೂರಿಸಿ ಬೇಯಿಸುವ ಕ್ರಮವು ಬಹು ಪ್ರಚಾರದಲ್ಲಿದೆ. ಅಲ್ಲಿ ಲೇಪವೇ ಮಾಯಿಸುವ ಕೆಲಸವನ್ನೂ ನಿರ್ವಹಿಸುವುದು.

ಹೀಗಿರುವಲ್ಲಿ ನಮ್ಮ ತಯಾರಕರ ಉತ್ತರದಲ್ಲಿ ಸತ್ಯದ ಅಂಶವೊಂದಿತ್ತೆಂದು ಹೇಳಬೇಕು. ಆದರೆ ಅವರ ವಾರ್ನಿಷು ಒಳಾಂಗಣಕ್ಕೆ ತಕ್ಕುದು, ಗಾಳಿಯಲ್ಲಿ ಒಣಗುವಂಥದು. ಬಿಸಿಲಿನ ಅತಿನೇರಿಳೆ ಕಿರಣಗಳನ್ನು ತಾಳಲಾರದು. ಮೊಳೆಯ ತೂತುಗಳನ್ನು ಕೊರೆದದ್ದು ಲೇಪವಾದ ಮೇಲೆ. ಅಲ್ಲಿ ಬರಿಯ ಲೋಹವು ತೆರೆದುಕೊಂಡಿತು, ನೀರು ವಾರ್ನಿಷಿನ ಅಡಿಗೆ ಹರಿಯಿತು.

ರಂಧ್ರಗಳು ಮಾಯಿಸಲ್ಪಟ್ಟಿರಲಿಲ್ಲವೆಂಬುದನ್ನು ತಿಳಿಯಲು ನನಗೆ ಉಪಾಧ್ಯಾಯವೃತ್ತಿಯ ಸಾಮಗ್ರಿಯೇ ಸಾಕಾಯಿತು. ವಾರ್ನಿಷು ಸುಲಿದ ಒಂದು ಬಿಳಿಯ ಅಕ್ಷರದ ಮೇಲೆ ಒಂದು ತೊಟ್ಟು ನೇರಳೆ ಶಾಯಿಯನ್ನು ಬಿಟ್ಟು, ಐದು ನಿಮಿಷದ ಮೇಲೆ ಒದ್ದೆಬಟ್ಟೆಯಿಂದ ಒರಸಿದೆನು. ಶಾಯಿಯು ಹೋಗಲಿಲ್ಲ, ಇಂದಿಗೂ ಆ ಅಕ್ಷರದ ಹೊಟ್ಟೆಯಲ್ಲಿ ಆ ಕಲೆಯಿದೆ. ಮಾಯಿಸಿದ ಪೊರೆಯಾಗಿದ್ದರೆ ಅದು ನಿಲ್ಲುತ್ತಿರಲಿಲ್ಲ. ಪ್ರಯೋಗಶಾಲೆಗಳಲ್ಲಿ ಮೊದಲು ಆಮ್ಲವನ್ನು ಸೋಕಿಸಿ, ಬಳಿಕ ಗೊತ್ತಾದ ಬಣ್ಣದಿಂದ ಇದೇ ಪರೀಕ್ಷೆಯನ್ನು ಕ್ರಮವಾಗಿ ನಡೆಸುವರು. ಇನ್ನೂ ಕಟ್ಟುನಿಟ್ಟಾಗಿ, ತುಂಡೊಂದನ್ನು ಫಾಸ್ಫಾರಿಕಾಮ್ಲದಲ್ಲಿಟ್ಟು ಎಷ್ಟು ತೂಕ ಕರಗಿತೆಂದು ನೋಡುವರು. ಚದರ ಡೆಸಿಮೀಟರಿಗೆ 30 ಮಿಲಿಗ್ರಾಮನ್ನು ಮೀರಿದರೆ ಆ ಕೆಲಸವನ್ನು ನಿರಾಕರಿಸಬಹುದು. ನಮ್ಮ ದೇಶದಲ್ಲಿ ಆನೋಡಿಕ್ ಪೊರೆಗಳಿಗೆ ಭಾರತೀಯ ಮಾನಕ 1868 ಎಂಬ ನಿಬಂಧನೆ ಇದೆ. ಕಾಗದವನ್ನು ಬರೆಯುವವರು ಕನಿಷ್ಠ ಪಕ್ಷ ಅದರ ಸಂಖ್ಯೆಯನ್ನೂ ಪೊರೆಯ ದಪ್ಪವನ್ನೂ ಕಾಣಿಸಬೇಕು. ನನ್ನ ಮೊದಲ ಕಾಗದದಲ್ಲಿ ದಪ್ಪದ ಮಾತೇ ಇರಲಿಲ್ಲ.

ಬಣ್ಣ ಮಾಸಿದುದಕ್ಕೆ ಕಾರಣವು ಬೇರೆ. ಸಾವಯವ ವರ್ಣದ್ರವ್ಯಗಳಲ್ಲಿ ಅನೇಕವು, ವಿಶೇಷವಾಗಿ ಉಜ್ವಲವಾದ ಕೆಂಪುಗಳು, ಎಷ್ಟೇ ಮಾಯಿಸಿದರೂ ಬಿಸಿಲಿಗೆ ಸೋಲುವುವು. ಬಯಲಿಗೆ ತಕ್ಕವು ಲೋಹಲವಣಗಳಿಂದ ಬಂದ ಬಣ್ಣಗಳು: ಕಬ್ಬಿಣದ ಲವಣದಿಂದ ಹೊಂಬಣ್ಣ, ತವರದ ಲವಣದಿಂದ, ರಂಧ್ರದ ಬುಡದಲ್ಲಿ ಲೋಹದ ಕಣಗಳನ್ನು ವಿದ್ಯುತ್ತಿನಿಂದ ಕೂರಿಸಿ ಪಡೆಯುವ ಕಂಚಿನ ಬಣ್ಣ, ಕಪ್ಪು. ಹಾಸನದಲ್ಲಿ 1982ರಲ್ಲಿ ಸ್ಥಾಪಿತವಾದ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರವನ್ನು ವಾಚಕರು ಬಲ್ಲರು. ಉಪಗ್ರಹಗಳ ಶಾಖವನ್ನು ಹದದಲ್ಲಿಡಲು ಅವುಗಳ ಅಲ್ಯುಮಿನಿಯಂ ಭಾಗಗಳ ಮೇಲೆ ಕಪ್ಪು ಪೊರೆಯನ್ನು ಬೆಳೆಸುವುದುಂಟು. ಮುಗಿಲಿನಾಚೆಯ ಬಿಸಿಲನ್ನು ತಾಳಬೇಕಾದಲ್ಲಿ ಸಹ ಲೋಹಲವಣದ ಕಪ್ಪಿಗೇ ಮೊರೆಹೋಗುವರು. ಕುಂಕುಮದ ಕೆಂಪನ್ನು ಬಿಟ್ಟುಕೊಡಲು ವಾಚನಾಲಯದವರಿಗೆ ಮನಸ್ಸಿರಲಿಲ್ಲ. ಅವರನ್ನು ಒಪ್ಪಿಸುವುದು ರಸಾಯನಶಾಸ್ತ್ರವನ್ನು ತಿಳಿಯುವುದಕ್ಕಿಂತ ಕಷ್ಟವಾಯಿತು.

ಕೊನೆಗೆ ಪೋಷಣೆಯ ವಿಷಯ. ಹಳೇಕೋಟೆಯು ಸಮುದ್ರಕ್ಕೆ ದೂರ. ಘಟ್ಟದ ಸೆರಗಿನ ಸಕಲೇಶಪುರದಷ್ಟು ಮಳೆಯೂ ಇಲ್ಲ. ಉಪ್ಪುಗಾಳಿಯಿಲ್ಲದ ಇಂತಹ ಸ್ಥಳದಲ್ಲಿ ಒಳ್ಳೆಯ ಪೊರೆಗೆ ಹವೆಯಿಂದ ಬರುವ ಅಪಾಯ ಕಡಮೆ. ಅಪಾಯವಿರುವುದು ನಮ್ಮ ಶುಚಿತ್ವದಿಂದಲೇ. ಈ ಆಕ್ಸೈಡು ಆಮ್ಲಕ್ಕೂ ಕ್ಷಾರಕ್ಕೂ ಕರಗುವಂಥದು. ಹಬ್ಬದ ಮುನ್ನಾದಿನ ಹಿತ್ತಾಳೆಯ ಪಾತ್ರೆಗಳೊಡನೆ ಹೆಸರುಹಲಗೆಯನ್ನೂ ಹುಣಸೆಹಣ್ಣಿನಿಂದ ತಿಕ್ಕಿ ಬೂದಿಯಿಂದ ಬೆಳಗಿದ ಭಕ್ತಿವಂತರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹುಣಸೆಯು ಆಮ್ಲ, ಬೂದಿಯು ಕ್ಷಾರ. ಹಿತ್ತಾಳೆಗೆ ಯಾವುದು ಉಪಚಾರವೋ ಅದು ಇದಕ್ಕೆ ಅಪಚಾರ. ಇದಕ್ಕಿಂತಲೂ ಘೋರವಾದುದು ಸುಣ್ಣ. ಗೋಡೆಗೆ ಬಳಿಯುವಾಗ ಸಿಡಿದ ಹಸಿಸುಣ್ಣದ ಹನಿ, ಹೊಸ ಕಟ್ಟಡದ ಸಿಮೆಂಟಿನ ನೀರು, ಇವು ಕೆಲವು ಗಂಟೆಗಳಲ್ಲಿ ಪೊರೆಯನ್ನು ಕಚ್ಚಿ ಬಿಳಿಯ ಮಚ್ಚೆಯನ್ನುಳಿಸುವುವು. ಆ ಮಚ್ಚೆಯು ಉಜ್ಜಿದರೆ ಹೋಗದು. ಹಾಳಾದ ಪೊರೆಯನ್ನು ಇದ್ದಲ್ಲಿಯೇ ಸರಿಪಡಿಸುವ ಉಪಾಯವಿಲ್ಲ. ಕ್ಷಾರದಲ್ಲಿ ಪೂರ್ತಿಯಾಗಿ ಕರಗಿಸಿ ಮೊದಲಿನಿಂದ ಬೆಳೆಸಬೇಕು. ವರ್ಷಕ್ಕೆ ಒಂದೆರಡು ಸಲ ತಿಳಿನೀರು, ಸೌಮ್ಯವಾದ ಸಾಬೂನು, ಮೆತ್ತನೆಯ ಬಟ್ಟೆ: ಇಷ್ಟೇ ಅದು ಬೇಡುವ ಸೇವೆ.

ಎರಡನೆಯ ಹಲಗೆಗೆ ಬರೆದ ಕಾಗದವು ಮೊದಲಿನದಕ್ಕಿಂತ ಉದ್ದವಾಯಿತು: ತೂತುಗಳನ್ನೆಲ್ಲ ಮೊದಲೇ ಕೊರೆಯತಕ್ಕದ್ದು, ಪೊರೆಯ ದಪ್ಪ 25 ಮೈಕ್ರಾನ್, ತವರದ ಲವಣದಿಂದ ಕಂಚಿನ ಬಣ್ಣ, ಲವಣ ತೆಗೆದ ನೀರಿನಲ್ಲಿ 96 ಡಿಗ್ರಿಗೆ ಕಡಮೆಯಿಲ್ಲದಂತೆ 75 ನಿಮಿಷ ಕುದಿಸಿ ರಂಧ್ರಗಳನ್ನು ಮಾಯಿಸತಕ್ಕದ್ದು, ಮೇಲೆ ಯಾವ ಲೇಪವನ್ನೂ ಕೊಡಕೂಡದು. ಈ ಸಲ ಬೇರೆ ತಯಾರಕರು. ‘ಮಾಯಿಸುವುದು’ ಎಂದರೇನೆಂದು ಅವರ ಮೇಸ್ತ್ರಿ ವಿಚಾರಿಸಿದನು. ಕಿವಿಯ ತೂತಿನ ದೃಷ್ಟಾಂತವನ್ನು ಹೇಳಿದೊಡನೆ, “ಹಾಗಾದರೆ ಮೇಲೆ ಬಳಿಯುವ ಹಾಗಿಲ್ಲ, ಬೇಯಿಸಬೇಕು” ಎಂದನು. ಹಲಗೆಯು ಈಗ ಅದೇ ತೆಂಕುಗೋಡೆಯ ಮೇಲಿದೆ. ಗೋಡೆಗೆ ಸುಣ್ಣ ಬಳಿಯುವ ದಿನ ಅದಕ್ಕೊಂದು ಹಳೆಯ ಪಂಚೆಯನ್ನು ಹೊದಿಸುವುದು ವಾಚನಾಲಯದವರ ರೂಢಿಯಾಗಿದೆ.